ಮೇಸ್ತ್ರಿ ಇದ್ದ ಹಾಗೆ ಸೈಟು: ಕೆಲಸಗಾರರ ಸುರಕ್ಷತೆಗೆ ಮುಂದಾಳು ಮಾಡಬೇಕಾದ ಕೆಲಸಗಳು

ಐದನೇ ಮಹಡಿಯ ಅಂಚಿನಲ್ಲಿ ಒಬ್ಬ ಹುಡುಗ ಕಂಬಿ ಕಟ್ಟುತ್ತಿದ್ದ. ಮೈಗೆ ಸೇಫ್ಟಿ ಬೆಲ್ಟ್ ಇತ್ತು, ಅದರ ಹುಕ್ಕು ಲೈಫ್‌ಲೈನ್ ಹಗ್ಗಕ್ಕೆ ಸಿಕ್ಕಿಸಿತ್ತು. ಸೇಫ್ಟಿ ಆಫೀಸರ್ ಬಂದು ನೋಡಿ, ಸರಿ ಎಂದು ತಲೆಯಾಡಿಸಿ ಹೋದರು. ಅವರು ಮೆಟ್ಟಿಲು ಇಳಿದದ್ದೇ ತಡ, ಹುಡುಗ ಹುಕ್ಕು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಹತ್ತಿರ ಹೋಗಿ ಕೇಳಿದೆ. "ಹಾಕ್ಕೊಂಡ್ರೆ ಆ ಕಡೆ ಕೈ ಎಟುಕಲ್ಲ ಸಾರ್. ಪ್ರತಿ ಸಲ ಬಿಚ್ಚಿ ಹಾಕ್ತಾ ಕೂತ್ರೆ ಮೇಸ್ತ್ರಿ ಬೈತಾರೆ" ಎಂದ. ಮೇಸ್ತ್ರಿ ಹತ್ತು ಅಡಿ ದೂರದಲ್ಲೇ ನಿಂತಿದ್ದರು. ಹುಕ್ಕು ಬಿಚ್ಚಿದ್ದನ್ನು ಅವರೂ ನೋಡಿದ್ದರು.

ಆ ಹುಡುಗನಿಗೆ ತರಬೇತಿ ಆಗಿತ್ತು. ಬೆಲ್ಟೂ ಹೊಸದು. ಬಿದ್ದರೆ ಏನಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ನೋಡಿಕೊಂಡು ನಡೆಯುತ್ತಿದ್ದದ್ದು ಮೇಸ್ತ್ರಿಯ ಮುಖವನ್ನು. ಕೆಲಸವೂ ಸುರಕ್ಷತೆಯೂ ಒಂದಕ್ಕೊಂದು ಅಡ್ಡ ಬಂದಾಗ ಮುಂದಾಳು ಯಾವ ಕಡೆ ನಿಲ್ಲುತ್ತಾನೆ ಅಂತ ಕೆಲಸಗಾರರು ಸದಾ ನೋಡುತ್ತಿರುತ್ತಾರೆ. ಗೋಡೆಗೆ ಅಂಟಿಸಿದ ಬೋರ್ಡಿಗಿಂತ ಅವರು ಇದನ್ನು ಜಾಸ್ತಿ ನಂಬುತ್ತಾರೆ. 1980ರಲ್ಲಿ ಡೋವ್ ಜೋಹರ್ ಎಂಬ ಸಂಶೋಧಕ ಇಸ್ರೇಲಿನ 20 ಕಾರ್ಖಾನೆಗಳಲ್ಲಿ ಕೆಲಸಗಾರರ ಅಭಿಪ್ರಾಯ ಕೇಳಿ, ಇದನ್ನೇ "ಸುರಕ್ಷತೆಯ ವಾತಾವರಣ" ಎಂದು ಕರೆದರು. ಇಲ್ಲಿ ನಿಜಕ್ಕೂ ಯಾವುದಕ್ಕೆ ಬೆಲೆ ಇದೆ ಅಂತ ಕೆಲಸಗಾರರೆಲ್ಲ ಸೇರಿ ಮನಸ್ಸಿನಲ್ಲಿ ಕಟ್ಟಿಕೊಂಡ ಲೆಕ್ಕ ಅದು.

ಈ ಬರಹ ಮೇಸ್ತ್ರಿಗಳಿಗೆ, ಸೂಪರ್‌ವೈಸರ್‌ಗಳಿಗೆ, ಸೈಟ್ ಇಂಜಿನಿಯರ್‌ಗಳಿಗೆ, ಸಣ್ಣ ಗುತ್ತಿಗೆದಾರರಿಗೆ. ನಿಮ್ಮ ಕೈಕೆಳಗೆ ಐದೇ ಜನ ಇದ್ದರೂ ನೀವು ಮುಂದಾಳೇ.

ಶುರು ಮಾಡುವ ಮುಂಚೆ ಒಂದು ವಿಷಯ

ಸುರಕ್ಷತೆಯ ನಡವಳಿಕೆಯಲ್ಲಿ ಎರಡು ಬಗೆ ಇದೆ. 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ನೀಲ್ ಮತ್ತು ಮಾರ್ಕ್ ಗ್ರಿಫಿನ್ ಇದನ್ನು ಬಿಡಿಸಿ ತೋರಿಸಿದರು. ಒಂದು, ಹೇಳಿದ್ದನ್ನು ಮಾಡುವುದು: ಹೆಲ್ಮೆಟ್ ಹಾಕುವುದು, ಹುಕ್ಕು ಸಿಕ್ಕಿಸುವುದು, ಗ್ರೈಂಡರಿನ ಗಾರ್ಡ್ ತೆಗೆಯದಿರುವುದು. ಇನ್ನೊಂದು, ಯಾರೂ ಹೇಳದೆ ತಾನಾಗಿ ಮಾಡುವುದು: ಮೊಳೆ ಮೇಲೆದ್ದಿರುವ ಹಲಗೆಯನ್ನು ದಾರಿಯಿಂದ ಎತ್ತಿಡುವುದು, ಪಕ್ಕದವನನ್ನು ಎಚ್ಚರಿಸುವುದು, "ಈ ಸ್ಕ್ಯಾಫೋಲ್ಡಿಂಗ್ ಅಲ್ಲಾಡ್ತಿದೆ" ಅಂತ ಬಂದು ಹೇಳುವುದು.

ಕಾರ್ಖಾನೆಯಲ್ಲಿ ಯಂತ್ರ ಇದ್ದ ಜಾಗದಲ್ಲೇ ಇರುತ್ತದೆ. ಸೈಟು ಹಾಗಲ್ಲ. ನಿನ್ನೆ ಗೋಡೆಯಿದ್ದ ಕಡೆ ಇವತ್ತು ತೆರೆದ ಗುಂಡಿ ಇರಬಹುದು. ಬೆಳಿಗ್ಗೆ ಗಟ್ಟಿ ಇದ್ದ ಮಣ್ಣು ಮಧ್ಯಾಹ್ನದ ಮಳೆಗೆ ಸಡಿಲ ಆಗಿರಬಹುದು. ಇದನ್ನೆಲ್ಲ ಮೊದಲೇ ಊಹಿಸಿ ನಿಯಮ ಬರೆಯಲು ಆಗುವುದಿಲ್ಲ. ಹಾಗಾಗಿ ಕಟ್ಟಡ ಕೆಲಸದಲ್ಲಿ ಎರಡನೇ ಬಗೆಯ ನಡವಳಿಕೆ ಜೀವ ಉಳಿಸುತ್ತದೆ. ಆದರೆ ಅದನ್ನು ಬೈದು ಪಡೆಯಲು ಆಗುವುದಿಲ್ಲ.

ಇಲ್ಲಿಗೆ ಬಂತು ನೋಡಿ ನಾಯಕತ್ವದ ಶೈಲಿಯ ಮಾತು. ಸೈಟಿನಲ್ಲಿ ಸಾಮಾನ್ಯವಾಗಿ ಕಾಣುವವರು ನಾಲ್ಕು ಬಗೆ. ಕೂಗಾಡಿ ಕೆಲಸ ತೆಗೆಸುವವರು. ಇದ್ದೂ ಇಲ್ಲದಂತಿರುವವರು, ಅಂದರೆ ಏನಾದರೂ ಆದ ಮೇಲಷ್ಟೇ ಕಾಣಿಸಿಕೊಳ್ಳುವವರು. ಕಣ್ಣಿಟ್ಟು ತಪ್ಪು ಹಿಡಿದು ಅಲ್ಲಲ್ಲೇ ತಿದ್ದುವವರು. ಕೆಲಸಗಾರರನ್ನು ಜೊತೆಗೆ ಸೇರಿಸಿಕೊಂಡು, ಅವರ ಮಾತು ಕೇಳಿ, ಏಕೆ ಅಂತ ವಿವರಿಸಿ ಕರೆದೊಯ್ಯುವವರು. 2013ರಲ್ಲಿ ಶರಾನ್ ಕ್ಲಾರ್ಕ್ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಣ್ಣಿಟ್ಟು ತಿದ್ದುವ ಶೈಲಿಗೂ ನಿಯಮ ಪಾಲನೆಗೂ ನಂಟು ಗಟ್ಟಿ. ಜೊತೆಗೂಡಿಸಿಕೊಳ್ಳುವ ಶೈಲಿಗೂ ತಾನಾಗಿ ಮುಂದೆ ಬರುವ ನಡವಳಿಕೆಗೂ ನಂಟು ಗಟ್ಟಿ. ಅಂದರೆ ಒಳ್ಳೆಯ ಮುಂದಾಳಿಗೆ ಎರಡೂ ಬೇಕು. ಇನ್ನು ಇದ್ದೂ ಇಲ್ಲದಂತಿರುವವರ ವಿಷಯ. ಅದನ್ನು ನಾವು "ಪಾಪ, ಯಾರಿಗೂ ತೊಂದರೆ ಕೊಡಲ್ಲ" ಅಂತ ಒಳ್ಳೆಯ ಗುಣವಾಗಿ ನೋಡುತ್ತೇವೆ. ಆದರೆ ಸುಮ್ನೆ ಇರುವುದೇ ಸುರಕ್ಷತೆಯನ್ನು ಕೆಡಿಸುತ್ತದೆ ಎಂಬುದನ್ನು 2006ರಲ್ಲಿ ಕೆವಿನ್ ಕೆಲೋವೇ ಮತ್ತು ಜೊತೆಗಾರರು ತೋರಿಸಿದರು. ಮೊದಲು ಹೇಳಿದ ಮೇಸ್ತ್ರಿ ಹುಕ್ಕು ಬಿಚ್ಚು ಎಂದು ಆ ಹೊತ್ತು ಹೇಳಿರಲಿಲ್ಲ. ನೋಡಿ ಸುಮ್ಮನಿದ್ದರು. ಹುಡುಗನಿಗೆ ಅಷ್ಟು ಸಾಕಾಯಿತು.

ಹೆಜ್ಜೆ 1: ಒಂದು ವಾರ ನಿಮ್ಮನ್ನೇ ಗಮನಿಸಿ

ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಕೆಲಸಗಾರರ ಜೊತೆ ಮಾತಾಡಿದಾಗೆಲ್ಲ ಒಂದು ಗೀಟು ಹಾಕಿ. ಪುಟದ ಒಂದು ಕಡೆ "ಬೇಗ ಮಾಡಿ, ಚೆನ್ನಾಗಿ ಮಾಡಿ" ಎಂಬ ಮಾತುಗಳಿಗೆ. ಇನ್ನೊಂದು ಕಡೆ ಸುರಕ್ಷತೆಯ ಮಾತುಗಳಿಗೆ. ವಾರದ ಕೊನೆಗೆ ಎಣಿಸಿ ನೋಡಿ. ಬಹಳ ಜನರಿಗೆ ಎರಡನೇ ಕಡೆ ಬೆರಳೆಣಿಕೆಯಷ್ಟೇ ಗೀಟುಗಳು ಸಿಗುತ್ತವೆ. ಬೇಜಾರಾಗಬೇಡಿ, ಈ ಲೆಕ್ಕವೇ ಮದ್ದಿನ ಅರ್ಧ.

ಇದು ನನ್ನ ಕಲ್ಪನೆಯಲ್ಲ. ಡೆನ್ಮಾರ್ಕಿನ ಕಟ್ಟಡ ಸೈಟುಗಳಲ್ಲಿ ಹೀಗೇ ಮಾಡಿ ನೋಡಿದ್ದಾರೆ. ಸೂಪರ್‌ವೈಸರ್‌ಗಳು ದಿನದಲ್ಲಿ ಎಷ್ಟು ಸಲ ಸುರಕ್ಷತೆಯ ಮಾತಾಡಿದರು ಎಂದು ಕೆಲಸಗಾರರನ್ನೇ ಕೇಳಿ, ಆ ಲೆಕ್ಕವನ್ನು ಸೂಪರ್‌ವೈಸರ್‌ಗಳ ಮುಂದಿಟ್ಟರು. ಮಾತು ಹೆಚ್ಚಿತು, ಸೈಟಿನ ಸುರಕ್ಷತೆಯೂ ಸುಧಾರಿಸಿತು. ಆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೋಹರ್ ಕೂಡ 2002ರಲ್ಲಿ ಇಂಥದ್ದೇ ಒಂದನ್ನು ಮಾಡಿದ್ದರು. ಅಲ್ಲಿ ಬದಲಾಗಿದ್ದು ಸೂಪರ್‌ವೈಸರ್‌ಗಳು ಮಾತಾಡುವ ರೀತಿ ಮಾತ್ರ. ಕೆಲಸಗಾರರಿಗೆ ಹೊಸ ತರಬೇತಿ ಕೊಡಲಿಲ್ಲ. ಆದರೂ ಸಣ್ಣಪುಟ್ಟ ಗಾಯಗಳು ಕಡಿಮೆಯಾದವು, ಕಿವಿಗೆ ರಕ್ಷಣೆ ಹಾಕಿಕೊಳ್ಳುವವರು ಹೆಚ್ಚಾದರು.

ಹೆಜ್ಜೆ 2: ಮೊದಲು ನೀವು ಹಾಕಿಕೊಳ್ಳಿ

ಇದಕ್ಕೆ ಹೆಚ್ಚು ಮಾತು ಬೇಡ. "ಎರಡೇ ನಿಮಿಷ, ಹೋಗಿ ಬಂದೆ" ಅಂತ ಹೆಲ್ಮೆಟ್ ಇಲ್ಲದೆ ಒಳಗೆ ಹೋಗಬೇಡಿ. ಏಣಿ ಹತ್ತುವಾಗ ಅದರ ಬುಡ ನೋಡಿ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ, ಮೇಲೆ ಇಳಿಯುವ ಜಾಗಕ್ಕಿಂತ ಮೂರು ಅಡಿ ಎತ್ತರಕ್ಕೆ ಚಾಚಿರಬೇಕು. ಇಲ್ಲದಿದ್ದರೆ ಎಲ್ಲರೆದುರು ನಿಂತು ಸರಿಪಡಿಸಿ, ಆಮೇಲೆ ಹತ್ತಿ. ಮಾಲೀಕರನ್ನೋ ದೊಡ್ಡವರನ್ನೋ ಸೈಟು ತೋರಿಸಲು ಕರೆದುಕೊಂಡು ಬಂದಾಗಲೂ ಅಷ್ಟೇ. ದೊಡ್ಡವರಿಗೆ ಒಂದು ನಿಯಮ, ಕೂಲಿಯವರಿಗೆ ಇನ್ನೊಂದು ಎಂದಾದರೆ ಹೆಲ್ಮೆಟ್ಟು ಕೂಲಿಯವರ ಗುರುತಾಗಿಬಿಡುತ್ತದೆ. ಆಮೇಲೆ ಅದನ್ನು ಯಾರು ಪ್ರೀತಿಯಿಂದ ಹಾಕಿಕೊಳ್ಳುತ್ತಾರೆ?

ಹೆಜ್ಜೆ 3: ಬೆಳಗಿನ ಹತ್ತು ನಿಮಿಷ ನೀವು ಕಡಿಮೆ ಮಾತಾಡಿ

ಟೂಲ್‌ಬಾಕ್ಸ್ ಮೀಟಿಂಗ್, ಅಂದರೆ ಕೆಲಸ ಶುರುವಾಗುವ ಮುಂಚೆ ಸುರಕ್ಷತೆಯ ಬಗ್ಗೆ ಆಡುವ ಮಾತುಕತೆ, ಬಹಳ ಕಡೆ ನಡೆಯುತ್ತದೆ. ಸಾಲಾಗಿ ನಿಲ್ಲಿಸುತ್ತಾರೆ, ನಿನ್ನೆ ಓದಿದ್ದನ್ನೇ ಓದುತ್ತಾರೆ, ಸಹಿ ಹಾಕಿಸುತ್ತಾರೆ. ಕೇಳುವವರ ಕಣ್ಣು ಎಲ್ಲೋ ಇರುತ್ತದೆ.

ಇವತ್ತಿನ ಕೆಲಸವನ್ನೇ ಹಿಡಿದು ಮಾತಾಡಿ. ಅದೂ ಆ ಕೆಲಸದ ಜಾಗದಲ್ಲೇ ನಿಂತು. "ಇವತ್ತು ಈ ಲಿಫ್ಟ್ ಗುಂಡಿ ಪಕ್ಕ ಸೆಂಟ್ರಿಂಗ್ ಹಲಗೆ ಬಿಚ್ಚಬೇಕು. ಇಲ್ಲಿ ಏನು ಹೆಚ್ಚುಕಡಿಮೆ ಆಗಬಹುದು?" ಅಂತ ಕೇಳಿ ಸುಮ್ಮನೆ ನಿಲ್ಲಿ. ಮೊದಲ ದಿನ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಡಬೇಡಿ. ಮೂರನೇ ದಿನವೋ ನಾಲ್ಕನೇ ದಿನವೋ ಹಿಂದೆ ನಿಂತಿದ್ದವರೊಬ್ಬರು "ಹಲಗೆ ಎಳೆಯುವಾಗ ಕೆಳಗಡೆ ಯಾರಾದ್ರೂ ಇದ್ರೆ?" ಎನ್ನುತ್ತಾರೆ. ತಕ್ಷಣ ಅದನ್ನು ಹಿಡಿದುಕೊಳ್ಳಿ. ಕೆಳಗೆ ಟೇಪ್ ಕಟ್ಟಿಸಿ, ಒಬ್ಬರನ್ನು ಕಾವಲು ನಿಲ್ಲಿಸಿ. "ಇದು ಇವರು ಹೇಳಿದ್ದು" ಅಂತ ಎಲ್ಲರಿಗೂ ಕೇಳುವಂತೆ ಹೇಳಿ.

ಬೇರೆ ಬೇರೆ ಭಾಷೆಯವರು ಇದ್ದರೆ, ಅರ್ಥ ಆಯಿತಾ ಎಂದು ಕೇಳಿ ಪ್ರಯೋಜನ ಇಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. "ನೀನು ಈಗ ಏನು ಮಾಡ್ತೀಯ, ತೋರಿಸು" ಅನ್ನಿ.

ಹೆಜ್ಜೆ 4: ತಪ್ಪು ಕಂಡಾಗ ಹೇಗೆ ಮಾತಾಡುವುದು

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಆ ಹುಡುಗನನ್ನೇ ಮತ್ತೆ ನೆನಪಿಸಿಕೊಳ್ಳಿ. ಅಂಚಿನಲ್ಲಿದ್ದಾನೆ, ಹುಕ್ಕು ಹೆಗಲ ಮೇಲಿದೆ.

ಮೊದಲನೆಯದಾಗಿ ಹಿಂದಿನಿಂದ ಕೂಗಬೇಡಿ. ಬೆಚ್ಚಿ ಕಾಲು ತಪ್ಪಬಹುದು. ಅವನ ಕಣ್ಣಿಗೆ ಬೀಳುವ ಕಡೆಯಿಂದ ಹೋಗಿ, ಮೆಲ್ಲಗೆ ಒಳಗೆ ಕರೆಯಿರಿ. ಆಮೇಲೆ ಮಾತು.

"ಒಂದ್ನಿಮಿಷ ಕೆಲ್ಸ ನಿಲ್ಸಿ ಈಚೆ ಬಾಪ್ಪ. ಹುಕ್ಕು ಹಾಕ್ಕೊಂಡು ಮಾಡೋಕೆ ಏನು ಅಡ್ಡ ಬರ್ತಿದೆ?"

"ಹಗ್ಗ ದೂರ ಆಯ್ತು ಮೇಸ್ತ್ರಿ. ಆ ಕಾಲಂ ಹತ್ರ ಎಟುಕಲ್ಲ."

"ಎಲ್ಲಿವರೆಗೂ ಎಟುಕಿದ್ರೆ ನಿಂಗೆ ಸರಿ ಹೋಗುತ್ತೆ, ತೋರ್ಸು."

ಹುಡುಗ ಕೈ ಚಾಚಿ ತೋರಿಸುತ್ತಾನೆ. ಆಗ ನೋಡಿದರೆ ಲೈಫ್‌ಲೈನ್ ಕಟ್ಟಿದ್ದೇ ತಪ್ಪು ಜಾಗದಲ್ಲಿ ಎಂದು ಗೊತ್ತಾಗುತ್ತದೆ. "ಯಾಕೋ ಹುಕ್ಕು ಹಾಕಿಲ್ಲ" ಎಂದು ಗದರಿದ್ದರೆ ಈ ಉತ್ತರ ಹೊರಗೆ ಬರುತ್ತಿರಲಿಲ್ಲ. "ತಪ್ಪಾಯ್ತು ಮೇಸ್ತ್ರಿ" ಎಂದು ಹುಕ್ಕು ಸಿಕ್ಕಿಸುತ್ತಿದ್ದ, ನೀವು ತಿರುಗಿದ ಮೇಲೆ ಬಿಚ್ಚುತ್ತಿದ್ದ.

ಈಗ ಮುಂದಿನ ಕೆಲಸ ನಿಮ್ಮದು. ಹಗ್ಗ ಸರಿಯಾಗುವ ತನಕ ಆ ಅಂಚಿನ ಕೆಲಸ ನಿಲ್ಲಬೇಕು. ಹಗ್ಗ ಎಲ್ಲಿಗೆ ಕಟ್ಟಬೇಕು ಎಂಬುದನ್ನು ಇಂಜಿನಿಯರ್ ನಿರ್ಧರಿಸಲಿ. ಸಿಕ್ಕಿದ ಕಂಬಿಗೋ ಸ್ಕ್ಯಾಫೋಲ್ಡಿಂಗ್ ಪೈಪಿಗೋ ಕಟ್ಟಿದರೆ ಬೀಳುವ ಮನುಷ್ಯನ ಹೊಡೆತವನ್ನು ಅದು ತಡೆಯದೆ ಹೋಗಬಹುದು. ಜಾಗ ಬದಲಿಸುತ್ತಲೇ ಇರಬೇಕಾದ ಕೆಲಸಕ್ಕೆ ಎರಡು ಹುಕ್ಕಿನ ಬೆಲ್ಟ್ ಕೊಡಿಸಿ. ಒಂದನ್ನು ಮುಂದೆ ಸಿಕ್ಕಿಸಿದ ಮೇಲೆ ಇನ್ನೊಂದನ್ನು ಬಿಚ್ಚಬಹುದು, ಯಾವ ಗಳಿಗೆಯಲ್ಲೂ ಆಸರೆ ತಪ್ಪುವುದಿಲ್ಲ. ಇದಕ್ಕಿಂತ ಒಳ್ಳೆಯದು ಅಂಚಿಗೆ ಗಟ್ಟಿ ರೇಲಿಂಗ್ ಹಾಕಿಸುವುದು. ಆಗ ಹುಕ್ಕಿನ ಮಾತೇ ಬರುವುದಿಲ್ಲ. ಅಪಾಯವನ್ನೇ ತೆಗೆಯಲು ಆಗುತ್ತದಾ, ಅದಕ್ಕೆ ಅಡ್ಡ ಏನಾದರೂ ಹಾಕಲು ಆಗುತ್ತದಾ ಎಂದು ಮೊದಲು ನೋಡಿ. ಬೆಲ್ಟು, ಹೆಲ್ಮೆಟ್ಟು ಕೊನೆಯ ಆಸರೆ.

ಅದೇ ದಿನ ಸಂಜೆ ಮತ್ತೆ ಅಲ್ಲಿಗೆ ಹೋಗಿ. "ಈಗ ಎಟುಕ್ತಿದೆಯಾ?" ಅಂತ ಕೇಳಿ. ಈ ಒಂದು ಪ್ರಶ್ನೆಗೆ ಎಷ್ಟು ಬೆಲೆ ಇದೆ ಎಂದು ಕೇಳಿದ ಮೇಲೇ ಗೊತ್ತಾಗುವುದು. ತಾನು ಹೇಳಿದ್ದು ಎಲ್ಲಿಗೋ ಮುಟ್ಟಿತು ಎಂದು ಅವನಿಗೆ ಅನಿಸುತ್ತದೆ. ಅವನು ಅದನ್ನು ರಾತ್ರಿ ಶೆಡ್ಡಿನಲ್ಲಿ ಉಳಿದವರಿಗೂ ಹೇಳುತ್ತಾನೆ.

ಸರಿಯಾಗಿ ಮಾಡಿದವರಿಗೂ ಒಂದು ಮಾತು ಹೇಳಿ. "ಗುಡ್, ಗುಡ್" ಎಂದು ಹೆಗಲು ತಟ್ಟಿದರೆ ಸಾಲದು. "ಗ್ರೈಂಡರ್ ಪ್ಲಗ್ ಕಿತ್ತಿಟ್ಟು ಆಮೇಲೆ ಬ್ಲೇಡ್ ಬದಲಿಸಿದೆಯಲ್ಲ, ಹಾಗೇ ಮಾಡು" ಅಂತ ಕಂಡದ್ದನ್ನೇ ಹೇಳಿ.

ಹೆಜ್ಜೆ 5: "ಹೇಗಾದರೂ ಮಾಡಿ" ಎಂಬ ಮಾತನ್ನು ಬಿಟ್ಟುಬಿಡಿ

ಆತುರದ ಹೊತ್ತಲ್ಲಿ ಮುಂದಾಳಿನ ನಿಜವಾದ ಶೈಲಿ ಹೊರಬೀಳುತ್ತದೆ. ನಾಳೆ ಸ್ಲ್ಯಾಬ್ ಕಾಂಕ್ರೀಟ್. ಗಾಡಿಗಳು ಬುಕ್ ಆಗಿವೆ. ಕಂಬಿ ಕೆಲಸ ಇನ್ನೂ ಬಾಕಿ. ಆಗ ನಮ್ಮ ಬಾಯಿಂದ ತಾನಾಗಿ ಬರುವ ಮಾತು: "ಇವತ್ತು ಹೇಗಾದ್ರೂ ಮಾಡಿ ಮುಗಿಸಿ." ನಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ "ಹೇಗಾದರೂ" ಎಂಬುದರ ಒಳಗೆ ಹುಕ್ಕು ಬಿಟ್ಟಾದರೂ, ಕತ್ತಲಲ್ಲಾದರೂ, ರೇಲಿಂಗ್ ತೆಗೆದಾದರೂ ಎಲ್ಲ ಸೇರಿರುತ್ತದೆ. ಕೆಲಸಗಾರರು ಅದನ್ನು ಅಪ್ಪಣೆ ಎಂದೇ ತಿಳಿಯುತ್ತಾರೆ. ಬೆಳಗಿನ ಮೀಟಿಂಗಿನ ಮಾತೆಲ್ಲ ಆ ಒಂದು ವಾಕ್ಯಕ್ಕೆ ಕೊಚ್ಚಿಹೋಗುತ್ತದೆ.

ಬದಲಿಗೆ ಹೀಗೆ ಹೇಳಿ: "ರೇಲಿಂಗ್ ಇದ್ದ ಹಾಗೇ ಕೆಲಸ ಆಗಬೇಕು. ನಾಲ್ಕು ಗಂಟೆಗೆ ಬರ್ತೀನಿ. ಮುಗಿಯೋ ಹಾಗಿಲ್ಲ ಅನ್ಸಿದ್ರೆ ಆಗ ಹೇಳಿ, ಗಾಡಿ ಮುಂದಕ್ಕೆ ಹಾಕೋದು ನನ್ನ ತಲೆನೋವು." ನಾಲ್ಕು ಗಂಟೆಗೆ ಹೋಗಲೇಬೇಕು. ಆಗಿಲ್ಲ ಎಂದರೆ ಗಾಡಿ ಮುಂದಕ್ಕೆ ಹಾಕಲೇಬೇಕು. ಒಂದು ಸಲ ಹಾಗೆ ಮಾಡಿದರೆ ಸೈಟು ಅದನ್ನು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಮಾಡದಿದ್ದರೂ ಅಷ್ಟೇ ನೆನಪಿಟ್ಟುಕೊಳ್ಳುತ್ತದೆ.

ಗುತ್ತಿಗೆ ಲೆಕ್ಕದಲ್ಲಿ ಕೂಲಿ ಇದ್ದರೆ ಇನ್ನೊಂದು ಕೆಲಸ ಇದೆ. ಹಗ್ಗ ಸರಿಸಲು, ಸ್ಕ್ಯಾಫೋಲ್ಡಿಂಗ್ ನೋಡಿಕೊಳ್ಳಲು ಹಿಡಿಯುವ ಸಮಯಕ್ಕೂ ದುಡ್ಡು ಸೇರಿಸಿ. ಅದು ಕೆಲಸಗಾರನ ಜೇಬಿನಿಂದ ಹೋಗುವಂತಿದ್ದರೆ, ಯಾವ ಬೋಧನೆಯೂ ನಿಲ್ಲುವುದಿಲ್ಲ.

ಸುರಕ್ಷತೆಗೆ ಖರ್ಚು ಮಾಡಿದರೆ ಕೆಲಸ ಕುಂಟುತ್ತದೆ ಎನ್ನುವವರು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ನೋಡಬೇಕು. 1933ರಿಂದ 1937ರವರೆಗೆ ಅದನ್ನು ಕಟ್ಟಿದರು. ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಗಟ್ಟಿ ಟೋಪಿ ಕಡ್ಡಾಯ ಮಾಡಿದರು. ಎತ್ತರದಲ್ಲಿ ಸಾಹಸ ತೋರಿಸುವವರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದರು. ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಅದಕ್ಕೆ ಆ ಕಾಲದಲ್ಲೇ 1,30,000 ಡಾಲರಿಗೂ ಜಾಸ್ತಿ ಖರ್ಚಾಯಿತು. ಆ ಬಲೆ 19 ಜನರ ಜೀವ ಉಳಿಸಿತು. ಆದರೆ 1937ರ ಫೆಬ್ರುವರಿ 17ರಂದು ಒಂದು ಅಟ್ಟಣಿಗೆ ಕಳಚಿ ಬಲೆಯನ್ನೇ ಹರಿದುಕೊಂಡು ಬಿತ್ತು. 10 ಜನ ಸತ್ತರು. ಬಲೆ ಇದೆ ಅಂತ ಅಟ್ಟಣಿಗೆಯ ಬಿಗಿಯನ್ನು ನೋಡದೆ ಬಿಡುವಂತಿಲ್ಲ ಎಂಬುದೂ ಅದೇ ಸೇತುವೆಯಲ್ಲಿದೆ.

ಹೆಜ್ಜೆ 6: ಕೆಟ್ಟ ಸುದ್ದಿ ತಂದವರನ್ನು ನೋಡಿಕೊಳ್ಳುವ ಬಗೆ

ಪಾಯದ ಗುಂಡಿಯ ಮೇಲೆ ಮಣ್ಣು ಹೊರುತ್ತಿದ್ದ ಹೆಂಗಸೊಬ್ಬರು ಬಂದು "ಅಣ್ಣಾ, ಅಂಚಲ್ಲಿ ಮಣ್ಣು ಬಿರುಕು ಬಿಟ್ಟಂಗಿದೆ" ಎನ್ನುತ್ತಾರೆ. ಒಳಗೆ ಇಬ್ಬರು ಇಳಿದಿದ್ದಾರೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿನ ಹತ್ತಿರ ತೂಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಎದೆಯವರೆಗೆ ಹೂತರೂ ಉಸಿರು ಕಟ್ಟುತ್ತದೆ.

"ನಿನ್ ಕೆಲ್ಸ ನೀ ನೋಡಮ್ಮ" ಅಂದರೆ ಆ ಬಾಯಿ ಮತ್ತೆಂದೂ ತೆರೆಯುವುದಿಲ್ಲ. ಸುತ್ತ ಕೇಳಿಸಿಕೊಂಡ ಹತ್ತು ಬಾಯಿಗಳೂ ಅಷ್ಟೇ. ಮೊದಲು ಒಳಗಿನವರನ್ನು ಮೇಲೆ ಕರೆಯಿರಿ. ಆಮೇಲೆ ಬಿರುಕು ನೋಡಿ. ಅದು ಏನೂ ಅಲ್ಲದ ಸಣ್ಣ ಗೆರೆ ಎಂದು ತಿಳಿದರೂ "ಹೇಳಿದ್ದು ಒಳ್ಳೇದಾಯ್ತಕ್ಕ, ಹೀಗೇ ಹೇಳ್ತಿರಿ" ಅನ್ನಿ. ಇಬ್ಬರು ಹತ್ತು ನಿಮಿಷ ಮೇಲೆ ನಿಂತದ್ದು ನಷ್ಟವಲ್ಲ. ಮುಂದಿನ ಬಿರುಕು ನಿಜವಾದದ್ದಾದರೆ ಯಾರೋ ಓಡಿ ಬಂದು ಹೇಳುತ್ತಾರೆ.

ಆಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಗಮನಿಸಿದಾಗ ಒಂದು ವಿಚಿತ್ರ ಕಂಡರು. ಒಳ್ಳೆಯ ಮುಂದಾಳು ಇದ್ದ ತಂಡಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಬೇರೆ ತಂಡಗಳು ತಪ್ಪನ್ನು ಹೇಳದೆ ಮುಚ್ಚಿಡುತ್ತಿದ್ದವು. ಸೈಟಿನಲ್ಲೂ ಹಾಗೇ. ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳ ಸುದ್ದಿ ನಿಮ್ಮ ತನಕ ಬರುತ್ತಿದ್ದರೆ ಖುಷಿಪಡಿ. ಯಾವ ಸುದ್ದಿಯೂ ಇಲ್ಲದೆ ಎಲ್ಲ ತಣ್ಣಗಿದ್ದರೆ ಆಗ ಚಿಂತೆ ಮಾಡಿ.

"ಈ ತಿಂಗಳು ಒಂದೂ ಗಾಯ ಆಗದಿದ್ದರೆ ಬಹುಮಾನ" ಎಂದು ಘೋಷಿಸುವುದನ್ನು ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ. ಕೈ ಕುಯ್ದುಕೊಂಡವನು ಬಟ್ಟೆ ಸುತ್ತಿಕೊಂಡು ಸುಮ್ಮನಾಗುತ್ತಾನೆ. ಜೊತೆಯವರೇ ಅವನಿಗೆ ಸುಮ್ಮನಿರು ಎನ್ನುತ್ತಾರೆ. ಬಹುಮಾನ ಕೊಡಲೇಬೇಕು ಎಂದಿದ್ದರೆ ಅಪಾಯವನ್ನು ಮೊದಲೇ ಕಂಡು ಹೇಳಿದವರಿಗೆ ಕೊಡಿ.

ಹೆಜ್ಜೆ 7: ಯಾವಾಗ ಗಟ್ಟಿಯಾಗಿರಬೇಕು

ಇಷ್ಟು ಓದಿ "ಹಾಗಾದ್ರೆ ಬೈಯೋದೇ ಬೇಡ್ವಾ?" ಎಂದು ಕೆಲವರಿಗೆ ಅನಿಸಬಹುದು. ಕ್ರೇನಿನ ಕೆಳಗೆ ಒಬ್ಬ ನಡೆದು ಬರುತ್ತಿದ್ದರೆ ಚರ್ಚೆ ಇಲ್ಲ, ಗಂಟಲು ಹರಿಯುವಂತೆ ಕೂಗಿ ನಿಲ್ಲಿಸಿ. ಆಮೇಲೆ ಕೂತು, ಯಾಕೆ ಕೂಗಿದೆ ಎಂದು ಹೇಳಿ.

ರಾಜಿ ಇಲ್ಲದ ನಿಯಮಗಳು ನಾಲ್ಕೋ ಐದೋ ಇರಲಿ. ಎತ್ತರದಲ್ಲಿ ಆಸರೆ, ಎತ್ತಿದ ಭಾರದ ಕೆಳಗೆ ಯಾರೂ ಇಲ್ಲ, ಆಧಾರ ಕೊಡದ ಆಳದ ಗುಂಡಿಗೆ ಇಳಿಯುವುದಿಲ್ಲ, ಕರೆಂಟ್ ತೆಗೆಯದೆ ವೈರ್ ಮುಟ್ಟುವುದಿಲ್ಲ. ಇವನ್ನು ಮುರಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿ, ಯಾರೇ ಮುರಿದರೂ ಅದನ್ನೇ ಮಾಡಿ. ಜಾಣ ಕೆಲಸಗಾರ, ಹಳೆಯ ಕೆಲಸಗಾರ, ನಿಮ್ಮ ಸಂಬಂಧಿ ಎಂದು ಒಮ್ಮೆ ಬಿಟ್ಟಿರೋ, ನಿಯಮ ಸತ್ತ ಹಾಗೆ. ಆದರೆ ಶಿಕ್ಷೆ ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಸರಿಯಾಗಿ ಮಾಡಲು ಬೇಕಾದದ್ದನ್ನೆಲ್ಲ ನಾನು ಕೊಟ್ಟಿದ್ದೆನಾ? ಹಗ್ಗ ಎಟುಕದ ಕಡೆ ಹುಕ್ಕು ಹಾಕದವನಿಗೆ ದಂಡ ಹಾಕುವುದು ಅನ್ಯಾಯ ಅಲ್ವಾ?

ಹೆಜ್ಜೆ 8: ಹೊಸಬರು

ಸೈಟಿಗೆ ಹೊಸದಾಗಿ ಬಂದವರಿಗೆ ದಾರಿಯೂ ಗೊತ್ತಿಲ್ಲ, ಕೇಳಲು ಸಂಕೋಚ ಬೇರೆ. ಮೊದಲ ದಿನವೇ ಎತ್ತರಕ್ಕೆ ಕಳಿಸಬೇಡಿ. ನಿಧಾನವಾಗಿ ಹೇಳಿಕೊಡುವ ಒಬ್ಬ ಹಳಬರನ್ನು ಜೊತೆ ಮಾಡಿ. ಬೇಗ ಕೆಲಸ ಮುಗಿಸುವವರನ್ನೇ ಆರಿಸುವುದು ನಾವು ಮಾಡುವ ತಪ್ಪು. ಹೊಸಬ ಅವರ ವೇಗವನ್ನೂ ಕಲಿಯುತ್ತಾನೆ, ಅವರು ಬಿಡುವ ಹುಕ್ಕುಗಳನ್ನೂ ಕಲಿಯುತ್ತಾನೆ.

ಹೆಜ್ಜೆ 9: ಮೇಲಿನವರ ಜೊತೆ

ಮೇಸ್ತ್ರಿ ಮೇಲೆ ಸೂಪರ್‌ವೈಸರ್, ಅವರ ಮೇಲೆ ಇಂಜಿನಿಯರ್, ಅವರ ಮೇಲೆ ಗುತ್ತಿಗೆದಾರ. ಮೇಲಿಂದ ಬರುವ ಒತ್ತಡ ಕೊನೆಗೆ ನಿಲ್ಲುವುದು ಅಂಚಿನಲ್ಲಿ ನಿಂತ ಹುಡುಗನ ಮೇಲೆ. ನಡುವೆ ಇರುವ ನೀವು ಅದನ್ನು ಹಾಗೇ ಕೆಳಕ್ಕೆ ದಾಟಿಸದೆ ತಡೆಯಬೇಕು. ಅದು ಸುಲಭವಲ್ಲ, ನನಗೆ ಗೊತ್ತು. "ಸೇಫ್ಟಿ ಸರಿ ಇಲ್ಲ ಸಾರ್" ಎಂದು ಬರಿದೇ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. "ಪೂರ್ವದ ಅಂಚಿಗೆ 30 ಮೀಟರ್ ರೇಲಿಂಗ್ ಬೇಕು. ನಾಳೆ ಮಧ್ಯಾಹ್ನದೊಳಗೆ ಬಂದರೆ ಕಂಬಿ ಕೆಲಸ ತಡವಾಗಲ್ಲ. ಬರೋವರೆಗೆ ಆ ಕಡೆ ಜನ ಬಿಡಲ್ಲ, ಪಶ್ಚಿಮದ ಕಡೆ ಕೆಲಸ ಕೊಟ್ಟಿರ್ತೀನಿ" ಎಂದು ಹೇಳಿ. ಏನು ಬೇಕು, ಯಾವಾಗ ಬೇಕು, ಅಲ್ಲಿಯವರೆಗೆ ಏನು ಮಾಡುತ್ತೀರಿ, ಮೂರೂ ಇರಲಿ. ಬರಹದಲ್ಲೂ ಕಳಿಸಿ.

ಹೆಜ್ಜೆ 10: ತಿಂಗಳಾದ ಮೇಲೆ ನೋಟ್‌ಬುಕ್ ತೆಗೆಯಿರಿ

ಗಾಯಗಳ ಲೆಕ್ಕ ಇಷ್ಟು ಬೇಗ ಏನನ್ನೂ ಹೇಳುವುದಿಲ್ಲ. ಸಣ್ಣ ಗುಂಪಿನಲ್ಲಿ ಅದು ಅದೃಷ್ಟದ ಮೇಲೆ ಏರಿಳಿಯುತ್ತದೆ. ಬೇರೆ ಲೆಕ್ಕ ನೋಡಿ. ಕೆಲಸಗಾರರು ತಾವಾಗಿ ಬಂದು ಎಷ್ಟು ವಿಷಯ ಹೇಳಿದರು? ಅದರಲ್ಲಿ ಎಷ್ಟನ್ನು ಅದೇ ದಿನ ಸರಿಪಡಿಸಿದಿರಿ? ಎಷ್ಟು ಜನ "ಇದು ಆಗಲ್ಲ ಮೇಸ್ತ್ರಿ" ಎಂದು ಕೆಲಸ ನಿಲ್ಲಿಸಿದರು? ಆಮೇಲೆ ಒಂದು ದಿನ ಯಾರಿಗೂ ಹೇಳದೆ, ದೂರದ ಕಟ್ಟಡದಿಂದಲೋ ರಸ್ತೆಯ ಆಚೆಯಿಂದಲೋ ನಿಂತು ಮೇಲಿನ ಅಂಚನ್ನು ನೋಡಿ. ನೀವು ಅಲ್ಲಿಲ್ಲ ಅಂತ ಅವರಿಗೆ ಗೊತ್ತಿರಬೇಕು. ಹುಕ್ಕುಗಳು ಹಗ್ಗದ ಮೇಲಿವೆಯಾ, ಹೆಗಲ ಮೇಲಿವೆಯಾ ಎಣಿಸಿ, ಆ ಸಂಖ್ಯೆಯನ್ನು ದಿನಾಂಕದ ಜೊತೆ ಬರೆದುಕೊಳ್ಳಿ. ಹೆಗಲ ಮೇಲಿದ್ದರೆ ಆವತ್ತೇ ಮೇಲೆ ಹೋಗಿ, ನಾಲ್ಕನೇ ಹೆಜ್ಜೆಯ ಪ್ರಶ್ನೆಯನ್ನೇ ಕೇಳಿ: ಹಾಕಿಕೊಂಡು ಮಾಡೋಕೆ ಏನು ಅಡ್ಡ ಬರ್ತಿದೆ?